ಒದ್ದೆ ಬತ್ತಿ

ಸಮಸ್ತ ಓದುಗ ಮಹಾಶಯರಿಗೆ ಅತ್ಯಂತ ವಿಷಾದದಿಂದ ತಿಳಿಯಪಡಿಸುವುದೇನೆಂದರೆ, ಪ್ರವಾಸೋದ್ಯಮ ಇಲಾಖೆಯ ಜೀಪಿನ ಬಲಗಡೆಯ ಕನ್ನಡಿಯು ಇಂದು ಬೆಳಗ್ಗೆ ಕರ್ತವ್ಯದಲ್ಲಿರುವಾಗಲೇ ವೀರಮರಣ ಹೊಂದಿದೆ. ಮೃತ ಕನ್ನಡಿಯು ಎಡಗಡೆಯ ಕನ್ನಡಿಯನ್ನೂ, ಬಿರುಕು ಬಿಟ್ಟ ಮುಂದಿನ ಗಾಜನ್ನೂ, ಸ್ಟಿಯರಿಂಗ್ ಹಿಡಿದು ಕಣ್ಣು ಪಿಳಿಪಿಳಿ ಬಿಡುತ್ತಿದ್ದ ನಮ್ಮ ನಾಯಕಿಯನ್ನೂ ಅಗಲಿದೆ.

ಕೊಂದಿದ್ದು ಮುಷ್ಟಿ ಗಾತ್ರದ ಒಂದು ಕಲ್ಲು. ಬಂದಿದ್ದು ಆಕಾಶದಿಂದ!

"ಯಾರ್ರೀ ಅದು ಕಲ್ಲು ಹೊಡೆದಿದ್ದು?!" ಎನ್ನುತ್ತಾ ಅವಳು ಜೀಪಿನಿಂದ ಇಳಿದಳು. ಇಳಿಯಬಾರದಿತ್ತು.

ಸುತ್ತ ಎಲ್ಲಿ ನೋಡಿದರೂ ಮುಳ್ಳುಪೊದೆ, ಕೆಂಪು ಧೂಳು, ಬೋಳು ಗುಡ್ಡ. ಆ ಪೊದೆಗಳ ಮಧ್ಯದಿಂದ ಒಬ್ಬ ಗಂಡಸು ಕೈ ಬೀಸುತ್ತಾ, ಏನೋ ಕೂಗುತ್ತಾ ಅವಳ ಕಡೆಗೇ ಓಡಿ ಬರುತ್ತಿದ್ದ. ಕನ್ನಡಿ ಒಡೆದ ಸದ್ದಿಗೆ ಅವಳ ಕಿವಿ ಗುಂಯ್‌ಗುಡುತ್ತಿತ್ತು. ಏನೂ ಕೇಳಿಸಲಿಲ್ಲ.

ಅವನು ನಿಲ್ಲಲಿಲ್ಲ. ನೇರ ಬಂದು ಅವಳ ಮೇಲೆ ಬಿದ್ದ! ಇಬ್ಬರೂ ಉರುಳಿ ಜೀಪಿನ ಅಡಿಗೆ ಸೇರಿದರು.

ಅವಳ ಕೈ ತಾನಾಗಿಯೇ ಎದ್ದಿತು. ಫಟಾರ್!

ಅದೇ ಕ್ಷಣಕ್ಕೆ ಎದುರಿನ ಗುಡ್ಡ ಸಿಡಿಯಿತು. ಇವಳು ಕೊಟ್ಟ ಏಟು ಅವನ ಕೆನ್ನೆಗೋ, ಗುಡ್ಡಕ್ಕೋ ಎಂದು ಅವಳಿಗೇ ಒಂದು ಗಳಿಗೆ ಅನುಮಾನವಾಯಿತು. ಜೀಪಿನ ತಲೆಯ ಮೇಲೆ ಕಲ್ಲಿನ ಮಳೆ. ಒಂದು ಚೂರು ಅವನ ಭುಜ ಸೀಳಿಕೊಂಡು ಹೋಯಿತು. ಬಿಸಿ ರಕ್ತದ ಹನಿ ಅವಳ ಕತ್ತಿನ ಮೇಲೆ ಬಿತ್ತು.

ಧೂಳು ಇಳಿದ ಮೇಲೆ ಅವನು ಕೆನ್ನೆ ಸವರಿಕೊಂಡ.

"ಒಂದೇ ಸಾಕಾ ಮೇಡಂ? ಇಲ್ಲ ಈ ಕಡೆ ಕೆನ್ನೆನೂ ತಿರುಗಿಸ್ಲಾ?"

"ನೀವು... ನೀವು ನನ್ನ ಮೇಲೆ ಬಿದ್ರಿ!"

"ನಾನು ಬೀಳದಿದ್ರೆ ಅದು ಬೀಳ್ತಿತ್ತು."

ಅವನು ತೋರಿಸಿದ ಕಡೆ ನೋಡಿದಳು. ಅವಳು ನಿಂತಿದ್ದ ಜಾಗದಲ್ಲಿ ಈಗ ಒಂದು ಬಂಡೆ ಆರಾಮಾಗಿ ಕೂತಿತ್ತು.

"ಕೆಂಪು ಬಾವುಟ ಕಟ್ಟಿದ್ನಲ್ಲ, ಕಾಣ್ಲಿಲ್ವಾ?"

"ಅದು ಯಾರೋ ಒಗೆದು ಹಾಕಿದ ಟವೆಲ್ ಅಂದ್ಕೊಂಡೆ!"

"ಟವೆಲ್ಲೇ," ಅವನು ತಲೆ ಕೆರೆದುಕೊಂಡ. "ಬಾವುಟ ಹರಿದು ಹೋಗಿದೆ."

ಅವಳಿಗೆ ನಗು ಬಂತು. ಜೊತೆಗೇ ಅಳುವೂ ಬಂತು. ಎರಡನ್ನೂ ತಡೆದುಕೊಂಡು ಅವನ ಭುಜಕ್ಕೆ ತನ್ನ ದುಪಟ್ಟಾ ಒತ್ತಿ ಹಿಡಿದಳು. 'ಅಯ್ಯೋ, ಇವನ ಎದೆ ಎಷ್ಟು ಜೋರಾಗಿ ಹೊಡ್ಕೊಳ್ತಿದೆ... ಅಥವಾ ಅದು ನಂದಾ?'

ಅವನು ಕಲ್ಲುಗಣಿಯಲ್ಲಿ ಮದ್ದು ತುಂಬಿ ಬತ್ತಿ ಹಚ್ಚುವವನು. ಲೈಸೆನ್ಸ್ ಇದ್ದವನು. ಊರೆಲ್ಲ ಅವನನ್ನು ಕರೆಯುತ್ತಿದ್ದದ್ದೂ ಬತ್ತಿ ಅಂತಲೇ.

ಇನ್ನು ನಮ್ಮ ನಾಯಕಿ. ಈ ಒಣಸೀಮೆಗೆ ಪ್ರವಾಸಿಗರು ಬರುವ ಸಾಧ್ಯತೆ ಎಷ್ಟಿದೆ ಎಂದು ಅಳೆದು ತೂಗಲು ಇಲಾಖೆ ಅವಳನ್ನು ಅಟ್ಟಿತ್ತು. ನೋಡಿದ್ದಕ್ಕೆಲ್ಲ ಅಂಕ ಹಾಕುವುದು ಅವಳ ಕೆಲಸ. ಮೊದಲ ವಾರದ ಫಲಿತಾಂಶ ಹೀಗಿತ್ತು: ನೆರಳು ಗೈರುಹಾಜರು, ನೀರು ನಪಾಸು, ಧೂಳು ಪ್ರಥಮ ದರ್ಜೆ. ಇದು ಪ್ರವಾಸೋದ್ಯಮ ಅಲ್ಲ, ಪ್ರಯಾಸೋದ್ಯಮ ಎಂದು ಅವಳಿಗೆ ಅನ್ನಿಸಿತು.

ಅವಳು ಇಳಿದುಕೊಂಡದ್ದು ಬತ್ತಿಯ ಅಕ್ಕನ ವಸತಿಗೃಹದಲ್ಲಿ. ಕೆಳಗೆ ಲಾರಿ ಡ್ರೈವರ್‌ಗಳು ಚಹಾ ಕುಡಿಯುವ ಹೋಟೆಲು, ಮೇಲೆ ಎರಡು ರೂಮು. ಅಕ್ಕ ಗಂಡನನ್ನು ಕಳೆದುಕೊಂಡವಳು. ಬಾಯಿಯನ್ನು ಮಾತ್ರ ಎಂದೂ ಕಳೆದುಕೊಂಡಿರಲಿಲ್ಲ.

"ನನ್ನ ತಮ್ಮನಿಗೆ ಕಪಾಳಕ್ಕೆ ಹೊಡೆದವಳು ನೀನೇನಾ?" ಎಂದು ಮೊದಲ ದಿನವೇ ಕೇಳಿದ್ದಳು.

"ಅದು... ಗೊತ್ತಾಗದೆ..."

"ಇರ್ಲಿ ಬಿಡು. ನಾನು ಹೊಡೆಯೋದು ಬಾಕಿ ಇತ್ತು. ನೀನು ಮುಗಿಸಿದೆ. ಟೀ ಕುಡಿ."

ಜೀಪು ಗ್ಯಾರೇಜಿಗೆ ಸೇರಿತ್ತು. ಹಾಗಾಗಿ ಗಣಿಯ ಕೆಲಸ ಮುಗಿದ ಮೇಲೆ ಬತ್ತಿಯೇ ತನ್ನ ಹಳೆಯ ಬೈಕಿನಲ್ಲಿ ಅವಳನ್ನು ಸುತ್ತಿಸುತ್ತಿದ್ದ. ಹೀಗೆ ಒಂದು ಸಂಜೆ ಅವನು ಅವಳನ್ನು ಆ ಕಣಿವೆಗೆ ಕರೆದುಕೊಂಡು ಹೋದ.

ಬೈಕಿನಿಂದ ಇಳಿದವಳು ನಿಂತಲ್ಲೇ ನಿಂತಳು.

ಕಣಿವೆ ತುಂಬಾ ಕಲ್ಲಿನ ಕಂಬಗಳು! ಗಾಳಿ ಕೆತ್ತಿದವು, ಬಿಸಿಲು ಸುಟ್ಟವು. ಒಂದಕ್ಕೊಂದು ಒರಗಿ ಪಿಸುಗುಟ್ಟುತ್ತಿರುವ ಮುದುಕರ ಹಾಗೆ, ಜಗಳವಾಡಿ ಮುಖ ತಿರುಗಿಸಿದ ಗಂಡ ಹೆಂಡಿರ ಹಾಗೆ ನಿಂತಿದ್ದವು.

"ಇಲ್ಲಿ ಕಿವಿ ಇಡಿ," ಎಂದ ಬತ್ತಿ.

ಅವಳು ಒಂದು ಕಂಬಕ್ಕೆ ಕಿವಿ ಒತ್ತಿದಳು. ಒಳಗೆ... ಟಿಕ್. ಟಿಕ್. ಟಿಕ್.

"ಏನದು?!"

"ಹಗಲೆಲ್ಲ ಕಾದಿರುತ್ತಲ್ಲ. ಸಂಜೆ ತಣ್ಣಗಾಗುವಾಗ ಮೈ ಮುರಿಯುತ್ತೆ. ನಾನು ಚಿಕ್ಕವನಿದ್ದಾಗ ಒಳಗೆ ಯಾರೋ ಇದಾರೆ ಅಂದ್ಕೊಂಡಿದ್ದೆ."

ಅವನೂ ಅದೇ ಕಂಬಕ್ಕೆ ಕಿವಿ ಇಟ್ಟಿದ್ದ. ಇಬ್ಬರ ಮುಖಗಳ ನಡುವೆ ಒಂದು ಗೇಣು ಜಾಗವಿತ್ತು. ಅವಳು ಉಸಿರು ಹಿಡಿದಳು.

"ಇದಕ್ಕೆ ಪೂರ್ತಿ ಅಂಕ," ಎಂದಳು ಮೆಲ್ಲಗೆ. "ಜನ ಎಲ್ಲೆಲ್ಲಿಂದಲೋ ಬರ್ತಾರೆ. ನನ್ನ ವರದಿ ಮುಗಿಯೋ ತನಕ ಇದನ್ನ ಯಾರೂ ಮುಟ್ಟಬಾರದು."

ಅವನ ಮುಖ ಬಾಡಿತು. "ಮಾವ ಇದನ್ನ ಒಡೆಯೋಕೆ ಹೇಳಿದಾರೆ."

"ನೀವು ಒಡೀತೀರಾ?"

"ನನ್ನ ಕೈಯಿಂದ ಇದು ಒಡೆಯಲ್ಲ. ಅಷ್ಟು ನಂಬಿ ಮೇಡಂ."

ಅವಳು ನಂಬಿದಳು. ಕಲ್ಲು ಒಡೆಯುವವನ ಮಾತು ನಂಬಿ ತನ್ನ ಎದೆಯಲ್ಲೇ ಸಣ್ಣ ಬಿರುಕು ಬಿಟ್ಟುಕೊಂಡಳು.

ಮಾವ ಎಂದರೆ ಗಣಿಯ ಮಾಲೀಕ, ಅಕ್ಕ ತಮ್ಮ ಇಬ್ಬರಿಗೂ ಸೋದರಮಾವ. ತಂದೆ ತಾಯಿ ಇಲ್ಲದ ಮಕ್ಕಳನ್ನು ಸಾಕಿದವನು, ತಿಂದ ಪ್ರತಿ ತುತ್ತನ್ನೂ ನೆನಪಿಸುವವನು. ಅವನ ಯೋಜನೆ ಭವ್ಯವಾಗಿತ್ತು: ಕಂಬಗಳನ್ನು ಒಡೆದು ಜಲ್ಲಿ ಮಾಡಿ ಮಾರುವುದು. ಸಪಾಟಾದ ನೆಲದಲ್ಲಿ, ಇಲಾಖೆಯ ಹಣದಲ್ಲಿ, ಈಜುಕೊಳವಿರುವ ರೆಸಾರ್ಟ್ ಕಟ್ಟುವುದು. ಕುಡಿಯಲು ನೀರಿಲ್ಲದ ಕಡೆ ಈಜಲು ನೀರು! ನಮ್ಮ ನಾಯಕಿಯ ಇಲಾಖೆಯ ನಿರ್ದೇಶಕರೂ ಇದಕ್ಕೆ ಆಗಲೇ ತಲೆ ಆಡಿಸಿದ್ದರು.

"ನೋಡಮ್ಮಾ," ಎಂದರು ಫೋನಿನಲ್ಲಿ, "ಆ ಕಲ್ಲುಗಳಲ್ಲಿ ನೋಡೋಂಥದ್ದು ಏನೂ ಇಲ್ಲ ಅಂತ ಬರೀ. ಶಂಕುಸ್ಥಾಪನೆಗೆ ನಾನೇ ಬರ್ತೀನಿ."

"ಸಾರ್, ನೋಡೋಂಥದ್ದು ಅಂತ ಇಲ್ಲಿರೋದೇ ಅದು!"

ಫೋನ್ ಕಟ್ಟಾಯಿತು.

ಮರುದಿನ ಮಾವನೇ ಹೋಟೆಲಿಗೆ ಬಂದ. ಅವಳ ಎದುರು ಕೂತು, ತಟ್ಟೆಯಲ್ಲಿದ್ದ ಬೇಯಿಸಿದ ಮೊಟ್ಟೆಯನ್ನು ಅಂಗೈಯಲ್ಲಿ ಹಿಡಿದು ನಿಧಾನಕ್ಕೆ ಹಿಸುಕಿದ.

"ಮೊಟ್ಟೆಗೂ ತಲೆಗೂ ಸಿಪ್ಪೆ ತೆಳು ಮೇಡಂ. ಜೋಪಾನ."

ಅಕ್ಕ ಒಲೆಯ ಹತ್ತಿರದಿಂದಲೇ ಅಂದಳು, "ಮಾವಾ, ಟೇಬಲ್ ಒರೆಸಿ ಹೋಗಿ. ಒಡೆದಿದ್ದು ನಿಮ್ಮ ತಲೆ ಆಗಿದ್ರೆ ಖುಷಿಯಿಂದ ನಾನೇ ಒರೆಸ್ತಿದ್ದೆ."

ಆ ಸಂಜೆ ಅವಳ ರೂಮಿನ ಕಿಟಕಿಯ ಗಾಜು ಒಡೆದು ಒಂದು ಕಲ್ಲು ಹಾಸಿಗೆಯ ಮೇಲೆ ಬಂದು ಮಲಗಿತು. ಬತ್ತಿ ಓಡಿ ಬಂದ. ಗಾಜು ಆರಿಸುತ್ತಾ ಕೈ ಕುಯ್ದುಕೊಂಡ.

"ನೀವು ಊರಿಗೆ ಹೋಗ್ಬಿಡಿ ಮೇಡಂ."

"ನನ್ನನ್ನ ಓಡಿಸ್ತಿದೀರಾ?"

"ಹ್ಞೂಂ. ನಿಮಗೆ ಏನಾದ್ರೂ ಆದ್ರೆ ನನಗೆ..." ಮಾತು ಅಲ್ಲಿಗೇ ನಿಂತಿತು. ತಲೆ ತಗ್ಗಿಸಿ ಹೋದ.

'ನನಗೆ... ಏನು? ಪೂರ್ತಿ ಮಾಡಬಾರದಾ ಪುಣ್ಯಾತ್ಮ!'

ಆದರೆ ಮಾರನೆಯ ದಿನ ಅವಳು ಕಂಡದ್ದೇ ಬೇರೆ.

ನಡುಮಧ್ಯಾಹ್ನ. ಒಬ್ಬಳೇ ನಡೆದು ಕಣಿವೆಗೆ ಹೋದಳು. ದೂರದಿಂದಲೇ ಗಣಿಯ ಮೇಸ್ತ್ರಿಯ ಸೀಟಿ ಕೇಳಿಸಿತು. ಕಂಬಗಳ ಬುಡದಲ್ಲೆಲ್ಲ ಗುಂಡಿ ಕೊರೆದಿದ್ದರು. ಪ್ರತಿ ಗುಂಡಿಯಿಂದ ಮದ್ದಿನ ಬತ್ತಿಯ ಬಾಲ ಹೊರಗೆ ಇಣುಕುತ್ತಿತ್ತು. ಮಾವ ಕೊಡೆ ಹಿಡಿದು ನಿಂತಿದ್ದ. ಮಂಡಿಯೂರಿ ಮರದ ಕೋಲಿನಿಂದ ಗುಂಡಿಗೆ ಮಣ್ಣು ಜಡಿಯುತ್ತಿದ್ದವನು...

ಬತ್ತಿ!

ಅವಳ ಕಣ್ಣು ಕತ್ತಲಿಟ್ಟಿತು. 'ನನ್ನ ಕೈಯಿಂದ ಒಡೆಯಲ್ಲ ಅಂದವನು... ನನ್ನನ್ನ ಊರಿಗೆ ಕಳಿಸೋಕೆ ನೋಡಿದ್ದು ಇದಕ್ಕಾ?'

"ಸುಳ್ಳುಗಾರ!" ಕಣಿವೆಯೆಲ್ಲ ಪ್ರತಿಧ್ವನಿಸುವ ಹಾಗೆ ಕೂಗಿದಳು.

ಅವನು ಬೆಚ್ಚಿ ಎದ್ದ. "ಮೇಡಂ, ಹತ್ರ ಬರ್ಬೇಡಿ! ದಯವಿಟ್ಟು! ಏನೂ ಮುಟ್ಟಬೇಡಿ!"

"ಮುಟ್ತೀನಿ! ಏನ್ ಮಾಡ್ತೀಯ?"

ಓಡಿ ಹೋಗಿ, ಅಂದು ತಾನು ಕಿವಿ ಇಟ್ಟಿದ್ದ ಕಂಬದ ಬುಡಕ್ಕೆ ಕೈ ಹಾಕಿ, ಬತ್ತಿಯ ಬಾಲ ಹಿಡಿದು ಎಳೆದಳು.

ಅದು ಸಲೀಸಾಗಿ ಬಂತು. ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಸರು ಮೆತ್ತಿಕೊಂಡಿತ್ತು.

ಮೇಸ್ತ್ರಿಯ ಬಾಯಿಂದ ಸೀಟಿ ಜಾರಿ ಬಿತ್ತು.

ಗುಂಡಿಗೆ ಒಣಮಣ್ಣು ಜಡಿಯಬೇಕು ಎಂಬುದು ಗಣಿಯಲ್ಲಿ ಎಲ್ಲರಿಗೂ ಗೊತ್ತು. ಒದ್ದೆ ಮಣ್ಣಿನಲ್ಲಿ ಬತ್ತಿ ಅರ್ಧದಲ್ಲೇ ಸಾಯುತ್ತದೆ. ಗೊತ್ತಿದ್ದೂ ಒದ್ದೆ ಮಣ್ಣು ಜಡಿದಿದ್ದಾನೆ ಎಂದರೆ, ಅವನು ಈ ಕಂಬಗಳನ್ನು ಒಡೆಯಲು ಬಂದವನಲ್ಲ.

ಅವಳಿಗೆ ಅದು ಹೊಳೆದದ್ದು ಅವನ ಮುಖ ನೋಡಿದಾಗ. ಆ ಕಣ್ಣುಗಳಲ್ಲಿ ಕೋಪ ಇರಲಿಲ್ಲ. 'ಯಾಕೆ ಹೀಗೆ ಮಾಡಿದೆ' ಎಂಬ ದಣಿವು ಮಾತ್ರ.

"ನಾನು ಬಿಟ್ರೆ ಬೇರೆ ಯಾರನ್ನಾದ್ರೂ ಕರೆಸ್ತಿದ್ರು," ಎಂದ ಮೆಲ್ಲಗೆ. "ನಿಮ್ಮ ವರದಿ ಹೋಗೋ ತನಕ ಹಿಂಗೇ ತಳ್ಳೋಣ ಅಂತ..."

ಮಾವ ಕೊಡೆ ಮಡಚಿದ.

"ಅನ್ನ ಹಾಕಿದ ಕೈಗೇ ಕೆಸರು ಹಚ್ತೀಯೇನೋ!"

ಮೊದಲ ಏಟು ಕೊಡೆಯದೇ. ನಂತರ ಮೇಸ್ತ್ರಿ, ಅವನ ಹಿಂದೆ ಇನ್ನಿಬ್ಬರು. ಕೊರೆಯುವ ಕಬ್ಬಿಣದ ಸಲಾಕೆ ಅವನ ಪಕ್ಕೆಗೆ ಬಿದ್ದ ಸದ್ದು ಅವಳಿಗೆ ತನ್ನ ಮೂಳೆಯೊಳಗೇ ಕೇಳಿಸಿತು. ಅವನು ಕುಸಿದ. ಎದ್ದ. ಮೇಸ್ತ್ರಿಯ ಮೂಗಿಗೆ ತಲೆಯಿಂದ ಗುದ್ದಿದ. ಮತ್ತೆ ಕುಸಿದ.

"ಬಿಡ್ರೋ ಅವನನ್ನ! ಸಾಯ್ತಾನೆ!" ಕೈಗೆ ಸಿಕ್ಕ ಕಲ್ಲನ್ನೆಲ್ಲ ಎಸೆದಳು. ಒಂದು ಕಲ್ಲಿಗೆ ಮಾವನ ಕಿವಿ ಹರಿಯಿತು. ಒಬ್ಬ ಅವಳ ಜುಟ್ಟು ಹಿಡಿದು ಎಳೆದ. ಅವಳು ಅವನ ಮಣಿಕಟ್ಟು ಕಚ್ಚಿದಳು. ಬಾಯಲ್ಲಿ ರಕ್ತದ ರುಚಿ. ತನ್ನದೋ ಅವನದೋ, ಯಾರಿಗೆ ಬೇಕು!

ಮಾವ ಬತ್ತಿಯ ಬಲಗೈಯನ್ನು ಬಂಡೆಯ ಮೇಲೆ ಎಳೆದಿಟ್ಟ. "ಈ ಕೈ ತಾನೇ ಮಣ್ಣು ಕಲಸಿದ್ದು?"

ಬೂಟು ಮೇಲೆದ್ದಿತು. ಇಳಿಯಿತು. ಮತ್ತೆ ಎದ್ದಿತು, ಮತ್ತೆ ಇಳಿಯಿತು.

ಬತ್ತಿಯ ಕೂಗಿಗೆ ಕಂಬಗಳಲ್ಲಿದ್ದ ಹಕ್ಕಿಗಳೆಲ್ಲ ಹಾರಿಹೋದವು.

ಆ ಹೊತ್ತಿಗೆ ಎಲ್ಲಿಂದಲೋ ಲಾರಿಯ ಹಾರ್ನ್. ನಮ್ಮ ನಾಯಕಿ ಒಬ್ಬಳೇ ಕಣಿವೆ ಕಡೆ ನಡೆದದ್ದು ಕೇಳಿ, ಹೋಟೆಲಿನ ಡ್ರೈವರ್‌ಗಳನ್ನೆಲ್ಲ ತುಂಬಿಕೊಂಡು ಅಕ್ಕ ಬಂದಿದ್ದಳು, ಕೈಯಲ್ಲಿ ಕುದಿಯುವ ಚಹಾದ ಕೆಟಲ್! ಮುಂದಿನ ಕೆಲವು ನಿಮಿಷಗಳಲ್ಲಿ ಯಾರಿಗೆ ಎಷ್ಟು ಸಕ್ಕರೆ ಬಿತ್ತು ಎಂದು ಹೇಳುವುದು ಕಷ್ಟ. ಮೇಸ್ತ್ರಿ ಮಾತ್ರ ಅಂದಿನಿಂದ ಚಹಾ ಬಿಟ್ಟನಂತೆ.

ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಅವಳು ಕೂತಿದ್ದಳು. ಬಟ್ಟೆಯೆಲ್ಲ ಅವನ ರಕ್ತ.

"ಅಕ್ಕಾ... ನಾನು ಆ ಬತ್ತಿ ಎಳೀದೇ ಇದ್ದಿದ್ರೆ..."

ಅಕ್ಕ ಸೆರಗಿನಿಂದ ಅವಳ ಕೈಯ ರಕ್ತ ಒರೆಸಿದಳು. ಆಮೇಲೆ ಅಂದಳು, "ಹೌದು. ನಿನ್ನಿಂದಲೇ ಆಗಿದ್ದು. ಅತ್ತು ಪ್ರಯೋಜನ ಇಲ್ಲ. ಏನಾದ್ರೂ ಮಾಡು."

ವೈದ್ಯರು ಹೊರಗೆ ಬಂದರು. ಪಕ್ಕೆಯ ಮೂಳೆ ಕೂಡುತ್ತದೆ, ಜೀವಕ್ಕೆ ಭಯವಿಲ್ಲ ಎಂದರು. "ಆದ್ರೆ ಬಲಗೈ... ನರ ಜಜ್ಜಿ ಹೋಗಿದೆ. ಲೋಟ ಹಿಡೀಬಹುದು. ಪೆನ್ನು, ಸೂಜಿ, ಇಂಥವೆಲ್ಲ ಇನ್ನು ಮರೀಬೇಕು."

ಅವಳು ಗೋಡೆಗೆ ಹಣೆ ಒತ್ತಿ ನಿಂತಳು. 'ಏನಾದ್ರೂ ಮಾಡು...'

ಅತ್ತ ಮಾವನೂ ಸುಮ್ಮನಿರಲಿಲ್ಲ. ತಪ್ಪು ಮುಚ್ಚಿಕೊಳ್ಳಲು ಅಂದೇ ಲೈಸೆನ್ಸ್ ಕಚೇರಿಗೆ ದೂರು ಕೊಟ್ಟ: ಇವನು ಕೆಲಸ ಬಾರದವನು, ಎಲ್ಲ ಗುಂಡಿಗೂ ಮದ್ದು ತುಂಬಿದ್ದಾನೆ, ಒಂದೂ ಸಿಡಿದಿಲ್ಲ, ಕುಡಿದು ಬಿದ್ದು ಕೈ ಮುರಿದುಕೊಂಡಿದ್ದಾನೆ. ಪ್ರಭಾವ ಕೆಲಸ ಮಾಡಿತು. ಬತ್ತಿಯ ಲೈಸೆನ್ಸ್ ರದ್ದಾಯಿತು. ಅಕ್ಕ ಪೊಲೀಸರಿಗೆ ಕೊಟ್ಟ ದೂರನ್ನು ಇನ್‌ಸ್ಪೆಕ್ಟರ್ ಸಾಹೇಬರು ಮೇಜಿನ ಮೇಲಿಟ್ಟು, ಗಾಳಿ ಯಾವ ಕಡೆ ಬೀಸುತ್ತದೋ ನೋಡೋಣ ಎಂದು ಕಾಯತೊಡಗಿದರು.

ಶಂಕುಸ್ಥಾಪನೆಯ ದಿನ ಬಂತು. ಕಣಿವೆಯ ಬಾಯಲ್ಲಿ ಶಾಮಿಯಾನ, ರಿಬ್ಬನ್, ಮೈಕು. ನಿರ್ದೇಶಕರು ಕತ್ತರಿ ಹಿಡಿದು ಬಂದರು. ಕಿವಿಗೆ ಪಟ್ಟಿ ಕಟ್ಟಿಕೊಂಡ ಮಾವ ಹಲ್ಲು ಕಿರಿದ. ಸಿಡಿಯದ ಗುಂಡಿಗಳನ್ನು ಸಿಡಿಸಲು ಪಟ್ಟಣದಿಂದ ಹೊಸ ಮದ್ದಿನವನೂ ಬಂದಿದ್ದ.

ರಿಬ್ಬನ್ನಿನ ಮುಂದೆ ನಮ್ಮ ನಾಯಕಿ ನಿಂತಿದ್ದಳು.

"ಪಕ್ಕಕ್ಕೆ ಬಾಮ್ಮಾ," ಎಂದರು ನಿರ್ದೇಶಕರು.

"ಬರ್ತೀನಿ ಸಾರ್. ಅದಕ್ಕೆ ಮುಂಚೆ ಒಂದೇ ಪ್ರಶ್ನೆ, ಇವರಿಗೆ." ಹೊಸಬನ ಕಡೆ ತಿರುಗಿದಳು. "ಪ್ರವಾಸಿಗರ ಸುರಕ್ಷತೆ ಅಂತ ನನ್ನ ವರದಿಯಲ್ಲಿ ಒಂದು ಅಧ್ಯಾಯ ಇದೆ. ಅದಕ್ಕೋಸ್ಕರ ಸ್ಫೋಟಕದ ನಿಯಮ ಎಲ್ಲ ಓದಿದೆ. ಸಿಡಿಯದ ಗುಂಡಿಯನ್ನ ಯಾರು ಮುಟ್ಟಬಹುದು?"

ಹೊಸಬ ಕತ್ತು ಕೆರೆದುಕೊಂಡ. "ತುಂಬಿದವನೇ ಮುಟ್ಟಬೇಕು. ಇಲ್ಲಾಂದ್ರೆ ಅವನು ಸಹಿ ಹಾಕಿ ನನಗೆ ವಹಿಸಬೇಕು. ವಹಿಸಿದಾರೆ ತಾನೇ?"

"ಅವರ ಲೈಸೆನ್ಸ್ ರದ್ದಾಗಿದೆ."

"ಹಾಂ?! ಲೈಸೆನ್ಸ್ ಇಲ್ಲದವನು ಹೆಂಗ್ರೀ ವಹಿಸ್ತಾನೆ? ಮೊದಲು ಅವನೇ ಅರ್ಜಿ ಹಾಕಿ ಲೈಸೆನ್ಸ್ ವಾಪಸ್ ತಗೋಬೇಕು. ಅಲ್ಲಿ ತನಕ ಇಲ್ಲಿ ಒಂದು ಗುದ್ದಲಿ ಹಾಕಿದ್ರೂ ನಾವೆಲ್ಲ ಒಳಗೆ!"

ಅವನು ತನ್ನ ಚೀಲ ಎತ್ತಿಕೊಂಡು, ಹೆಜ್ಜೆ ಎಲ್ಲಿಡಬೇಕೆಂದು ನೋಡಿ ನೋಡಿ ವಾಪಸಾದ. ಶಾಮಿಯಾನದಲ್ಲಿದ್ದ ಗಣ್ಯರು ಕುರ್ಚಿಯ ಕೆಳಗೆ ಇಣುಕಿದರು. ಐದೇ ನಿಮಿಷದಲ್ಲಿ ಸಭೆ ಖಾಲಿ.

"ಅರ್ಜಿ ತಾನೇ? ಈಗಲೇ ಹಾಕಿಸ್ತೀನಿ!" ಮಾವ ಗುಡುಗಿದ.

ಇಡೀ ಮೆರವಣಿಗೆ ಆಸ್ಪತ್ರೆಗೆ ನುಗ್ಗಿತು. ಬತ್ತಿಯ ಬಲಗೈ ಮೊಣಕೈವರೆಗೂ ಪ್ಲಾಸ್ಟರ್, ಎಡಗೈಗೆ ಸಲೈನ್. ಮಾವ ಅವನ ತಲೆ ಸವರಿದ. ಬೆಕ್ಕು ಹಾಲಿನ ಪಾತ್ರೆ ಸವರುವ ಹಾಗೆ.

"ಅಪ್ಪಾ ರಾಜಾ, ಒಂದು ಸಹಿ ಹಾಕಪ್ಪಾ."

"ಹಾಕ್ತಿದ್ದೆ ಮಾವಾ," ಬತ್ತಿ ನರಳುತ್ತಲೇ ನಕ್ಕ. "ಸಹಿ ಹಾಕೋ ಕೈನ ನೀವೇ ತುಳಿದ್ರಲ್ಲ."

"ಎಡಗೈಯಲ್ಲಿ ಹಾಕಿಸಿ!" ಎಂದರು ನಿರ್ದೇಶಕರು.

"ಲೈಸೆನ್ಸಿನಲ್ಲಿರೋ ಮೊದಲಿನ ಸಹಿಗೆ ಹೊಂದಲ್ಲ ಸಾರ್, ವಾಪಸ್ ಬರುತ್ತೆ," ಎಂದಳು ನಮ್ಮ ನಾಯಕಿ.

"ಹೆಬ್ಬೆಟ್ಟು?"

"ಓದು ಬರಹ ಬಾರದವರಿಗೆ ಸ್ಫೋಟಕದ ಲೈಸೆನ್ಸ್ ಕೊಡಲ್ಲ ಸಾರ್."

"ಕೈ ವಾಸಿಯಾದ ಮೇಲೆ?"

ಬಾಗಿಲಲ್ಲಿದ್ದ ವೈದ್ಯರು ತಲೆ ಅಲ್ಲಾಡಿಸಿದರು.

ನಿರ್ದೇಶಕರು ಮಾವನನ್ನು ನೋಡಿದ ನೋಟದಲ್ಲಿ ಈಜುಕೊಳವೊಂದು ನೀರು ಕಾಣದೆಯೇ ಮುಳುಗಿತು. "ಇವರ ಪರಿಚಯವೇ ನನಗಿಲ್ಲ," ಎಂದು ಕತ್ತರಿ ಜೇಬಿಗಿಟ್ಟು ಹೊರಟರು. ಹೋಗುವಾಗ ಅವಳಿಗೊಂದು ಮಾತು, "ನಾಳೆಯಿಂದ ನೀನು ಕೆಲಸಕ್ಕೆ ಬರೋದು ಬೇಡ."

ಗಾಳಿ ತಿರುಗಿದ್ದು ಕಂಡ ಇನ್‌ಸ್ಪೆಕ್ಟರ್ ಸಾಹೇಬರು ಆಸ್ಪತ್ರೆಯ ಮೆಟ್ಟಿಲಲ್ಲೇ ಮಾವನ ಭುಜದ ಮೇಲೆ ಕೈ ಇಟ್ಟರು.

ಕೋಣೆಯಲ್ಲಿ ಇಬ್ಬರೇ ಉಳಿದರು.

ಅವಳು ಸ್ಟೂಲ್ ಎಳೆದುಕೊಂಡು ಕೂತಳು. ಇಷ್ಟು ಹೊತ್ತು ಬಿಗಿ ಹಿಡಿದದ್ದೆಲ್ಲ ಒಮ್ಮೆಗೇ ಒಡೆಯಿತು.

"ನಿನ್ನ ಕೈ... ನನ್ನಿಂದ... ನಿನ್ನನ್ನ ನಂಬಲಿಲ್ಲ ನಾನು..."

"ನಾನು ಹೇಳಿದ್ರೆ ತಾನೇ ನೀವು ನಂಬೋದು. ಹೇಳಿದ್ರೆ ನಿಮಗೂ ಅಪಾಯ ಅಂತ ಬಾಯಿ ಮುಚ್ಕೊಂಡೆ. ಅದು ನನ್ನ ತಪ್ಪು." ಬಾಗಿಲ ಕಡೆ ಕಣ್ಣು ಹಾಯಿಸಿ ಅಂದ, "ಇನ್ನೊಂದು ವಿಷಯಾನೂ ಮುಚ್ಚಿಟ್ಟಿದೀನಿ. ಬೈಬಾರದು."

"ಏನು?"

"ಆ ಗುಂಡಿಗಳಲ್ಲಿ ಮದ್ದೇ ಇಲ್ಲ."

ಅವಳ ಅಳು ಅರ್ಧಕ್ಕೇ ನಿಂತಿತು. "ಏನಂದೆ?!"

"ಬರೀ ಕೆಸರು. ಮದ್ದನ್ನೆಲ್ಲ ಅಕ್ಕ ಬಟ್ಟೆ ನೆನೆಸೋ ಡ್ರಮ್ಮಿನಲ್ಲಿ ಕರಗಿಸಿ ಹಾಳು ಮಾಡಿದೆ. ಮದ್ದು ತುಂಬಿದೆ ಅಂತ ಮಾವನೇ ಬರೆದುಕೊಟ್ಟಿದಾರೆ. ಇಲ್ಲ ಅನ್ನೋಕೆ ನಾನ್ಯಾರು?"

"ಅಷ್ಟು ಜನರ ಮುಂದೆ... ನಾನು... ಖಾಲಿ ಗುಂಡಿ ಇಟ್ಕೊಂಡು..." ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಕಣ್ಣೀರಿನ ಮಧ್ಯೆಯೇ ನಗು ಉಕ್ಕಿತು. ಅವನೂ ನಕ್ಕ. ಪಕ್ಕೆ ಹಿಡಿದು, "ಅಯ್ಯೋ, ನಗಿಸಬೇಡ ಮಾರಾಯ್ತಿ," ಎಂದ.

ಮಾರಾಯ್ತಿ! ಮೇಡಂ ಎಲ್ಲಿ ಹೋದಳು?

"ನನಗೆ ಕೆಲಸ ಹೋಯ್ತು," ಎಂದಳು ಮೆಲ್ಲಗೆ.

"ನನಗೂ ಹೋಯ್ತು. ಕಂಬಗಳು ಉಳಿದ್ವಲ್ಲ."

"ಉಳಿದ್ವು. ನಾನೂ ಇಲ್ಲೇ ಉಳೀತೀನಿ. ಅಪಾಯ ಅಂತ ಹಗ್ಗ ಕಟ್ಟಿ, ಬರೋರಿಗೆ ಆ ಕಣಿವೆನ ಹಗ್ಗದ ಈ ಕಡೆಯಿಂದ ತೋರಿಸ್ತೀನಿ. ಆ ಕಡೆಗೆ ಏನಿದೆ ಅಂತ ಮಾತ್ರ ಹೇಳಲ್ಲ."

ಅವನು ಗಂಟಲು ಸರಿಮಾಡಿಕೊಂಡ. ಪ್ರಜ್ಞೆ ಬಂದಾಗಿನಿಂದ ಮನಸ್ಸಿನಲ್ಲೇ ಉರು ಹೊಡೆದ ಭಾಷಣ ಅದು. ಎದ್ದು ಕೂರಲು ನೋಡಿದ, ಆಗಲಿಲ್ಲ. ಮಲಗಿಕೊಂಡೇ ಶುರು ಮಾಡಿದ.

"ನೀನು ಅಂದ್ರೆ ನನಗೆ ಪ್ರಾಣ. ಜೀಪಿನ ಅಡಿಯಲ್ಲಿ ಬಿದ್ದಿದ್ದೆವಲ್ಲ, ಆ ಕ್ಷಣದಿಂದಾನೇ. ನನ್ನ ಕೈ ಹಿಡೀತೀಯಾ?"

ಅವಳು ಕೈ ಚಾಚಿದಳು. ಚಾಚಿದವಳು ತಡೆದಳು. ಬಲಗೈ ನೋಡಿದಳು: ಪ್ಲಾಸ್ಟರ್. ಎಡಗೈ ನೋಡಿದಳು: ಸೂಜಿ, ಟೇಪು, ನಳಿಕೆ.

"ಯಾವ ಕೈ ಹಿಡೀಲಿ? ಎರಡೂ ಖಾಲಿ ಇಲ್ವಲ್ಲೋ!"

ಅವನೂ ಆ ಕಡೆ ಈ ಕಡೆ ನೋಡಿದ. ಇಷ್ಟು ದೊಡ್ಡ ಭಾಷಣಕ್ಕೆ ಇಷ್ಟು ಸಣ್ಣ ಅಡಚಣೆ!

"ಹಾಗಾದ್ರೆ... ಮುಂದಕ್ಕೆ ಹಾಕೋಣ್ವಾ?" ಪೆಚ್ಚಾಗಿ ಕೇಳಿದ.

"ಹಾಕಿದ್ರೆ ಕೊಂದುಬಿಡ್ತೀನಿ," ಎಂದಳು. ಪ್ಲಾಸ್ಟರಿನ ತುದಿಯಿಂದ ಊದಿಕೊಂಡು ಇಣುಕುತ್ತಿದ್ದ ಅವನ ಕಿರುಬೆರಳನ್ನು ಎರಡೂ ಕೈಗಳಲ್ಲಿ ಮೆತ್ತಗೆ ಮುಚ್ಚಿಕೊಂಡಳು.

"ನೋಯ್ತಿದೆಯಾ?"

"ತುಂಬಾ."

"ಬಿಡ್ಲಾ?"

"ಬೇಡ."